ತುಕ್ಕು ಹಿಡಿದ ಹಳೆಯ ಕ್ಷೌರದ ಕತ್ತಿ: ಮೊದಲ ಸಲ ಸರಿಪಡಿಸುವವರಿಗೆ

ಹಳೆಯ ಕ್ಷೌರದ ಕತ್ತಿ ಕೈಗೆ ಸಿಕ್ಕ ದಿನ ಮಾಡಬೇಕಾದ ಕೆಲಸ ಒಂದೇ. ಅಲಗಿನ ಎರಡೂ ಬದಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ, ಹಳೆಯ ಪಂಚೆಯ ತುಂಡೊಂದರ ಮೇಲೆ ಬಿಚ್ಚಿಟ್ಟು, ಮಕ್ಕಳ ಕೈಗೆ ಎಟುಕದ ಕಡೆ ಒಂದು ರಾತ್ರಿ ಬಿಡಿ. ಉಜ್ಜುವುದು, ತಿಕ್ಕುವುದು, ಹೊಳಪು ಕೊಡುವುದು ಯಾವುದೂ ಅವತ್ತು ಬೇಡ. ಇಷ್ಟು ವರ್ಷ ತುಕ್ಕಿನ ಜೊತೆ ಬದುಕಿದ ಕತ್ತಿ ಇನ್ನೊಂದು ರಾತ್ರಿಯಲ್ಲಿ ಹಾಳಾಗುವುದಿಲ್ಲ. ನಮ್ಮ ಆತುರಕ್ಕೆ ಸಿಕ್ಕಿದರೆ ಅರ್ಧ ಗಂಟೆಯಲ್ಲಿ ಹಾಳಾಗುತ್ತದೆ.

ನಾನು ಮೊದಲು ತಂದ ಕತ್ತಿ ಹಾಗೆಯೇ ಹೋಯಿತು. ಜರ್ಮನಿಯ ಸೋಲಿಂಗನ್‌ನದು, ತೆಳ್ಳನೆಯ ಅಲಗು, ಬಾಯಿಯಲ್ಲಿ, ಅಂದರೆ ಕತ್ತರಿಸುವ ಅಂಚಿನಲ್ಲಿ, ಒಂದು ಮುಕ್ಕೂ ಇರಲಿಲ್ಲ. ಡ್ರಿಲ್ಲಿಗೆ ಬಟ್ಟೆಯ ಚಕ್ರ ಸಿಕ್ಕಿಸಿ ಹೊಳಪು ಕೊಡಲು ಕೂತೆ. ಚಕ್ರ ಕೆಲವೇ ಸೆಕೆಂಡು ಒಂದೇ ಕಡೆ ನಿಂತಿರಬೇಕು, ತುದಿಯ ಹತ್ತಿರ ಕಡಲೆಕಾಳಿನಷ್ಟು ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ನೋಡುನೋಡುತ್ತಿದ್ದಂತೆ ನವಿಲುನೀಲಿಯಾಯಿತು. ಆ ಬಣ್ಣದ ಅರ್ಥ ನನಗೆ ಆಮೇಲೆ ತಿಳಿಯಿತು.

ಈ ಕತ್ತಿಗಳ ಉಕ್ಕಿನಲ್ಲಿ ಇಂಗಾಲ ಹೆಚ್ಚು, ಸುಮಾರು ಶೇ. 1ರಷ್ಟು. ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದಾಗ ಅದು ಗಾಜಿನಂತೆ ಗಡುಸಾಗುತ್ತದೆ. ಹಾಗೇ ಬಿಟ್ಟರೆ ಚೂರಾಗುವಷ್ಟು ಪೆಡಸು. ಅದಕ್ಕೇ ಮತ್ತೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆಲ್ಲಗೆ ಕಾಯಿಸಿ ಹದ ಮಾಡುತ್ತಾರೆ. ಆ ಶಾಖವನ್ನು ದಾಟಿ ಬಿಸಿಯಾದರೆ ಹದ ಇಳಿಯುತ್ತದೆ. 300 ಡಿಗ್ರಿಯ ಹತ್ತಿರ ಬಂದಾಗ ಉಕ್ಕು ನೀಲಿಗಟ್ಟುತ್ತದೆ. ಒಮ್ಮೆ ನೀಲಿಯಾದ ಜಾಗವನ್ನು ಎಷ್ಟು ಮಸೆದರೂ ಅಲ್ಲಿ ಬಾಯಿ ನಿಲ್ಲುವುದಿಲ್ಲ. ದಪ್ಪ ಮಚ್ಚಾದರೆ ಶಾಖ ಒಳಕ್ಕೆ ಹರಿದು ಹಂಚಿಹೋಗುತ್ತದೆ. ಕ್ಷೌರದ ಕತ್ತಿಯ ಅಂಚು ಕಾಗದದಷ್ಟು ತೆಳು, ಶಾಖಕ್ಕೆ ಹೋಗಲು ಜಾಗವೇ ಇಲ್ಲ.

ಆದ್ದರಿಂದ ಮೋಟರು ತಿರುಗಿಸುವ ಯಾವ ಚಕ್ರವನ್ನೂ ಈ ಅಲಗಿಗೆ ಮುಟ್ಟಿಸಬೇಡಿ. ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಬೀದಿಯಲ್ಲಿ ಕೂಗುತ್ತ ಬರುವವರಿಗೆ ಈಳಿಗೆಮಣೆ ಕೊಡಿ, ಕತ್ತರಿ ಕೊಡಿ. ಕ್ಷೌರದ ಕತ್ತಿ ಕೊಡಬೇಡಿ. ಅವರ ಕೈಯ ಕೆಲಸದಲ್ಲಿ ಕೊರತೆಯಿಲ್ಲ, ಆ ಒರಟು ಚಕ್ರ ಈ ಬಾಯಿಗೆ ತಕ್ಕದ್ದಲ್ಲ. ಇಲ್ಲಿ ಹೇಳುವ ಕೆಲಸವೆಲ್ಲ ಬರಿಗೈಯದು, ನೀರು ಮತ್ತು ಎಣ್ಣೆಯದು.

ಎಂಥ ಕತ್ತಿ ಆರಿಸಬೇಕು

ಅಟ್ಟದ ಮೇಲೆ ಸಿಕ್ಕಿದ ಮನೆಯ ಕತ್ತಿಯಾದರೆ ಆರಿಸುವ ಮಾತಿಲ್ಲ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಂಥ ಕಡೆ ಕೊಳ್ಳುವುದಾದರೆ ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿ. ಮಾತಿನ ಅನುಕೂಲಕ್ಕೆ ಭಾಗಗಳ ಹೆಸರು ಹೇಳಿಬಿಡುತ್ತೇನೆ: ಕತ್ತರಿಸುವ ಅಂಚು ಬಾಯಿ, ಅದರ ಎದುರಿನ ದಪ್ಪ ಭಾಗ ಬೆನ್ನು, ಹಿಡಿಯ ಕಡೆಗಿರುವುದು ಬುಡ, ಆಚೆಯದು ತುದಿ. ಅಲಗು ಹಿಡಿಯೊಳಕ್ಕೆ ಹೋಗುವ ಮುನ್ನ ಸಣ್ಣದಾಗುವ ಜಾಗ ಕತ್ತು. ತಯಾರಕರ ಮುದ್ರೆ ಇರುವುದು ಅಲ್ಲಿ.

ಮೊದಲು ಬಿರುಕು ಹುಡುಕಿ. ತೆಳು ಅಲಗನ್ನು ಉಗುರಿನಿಂದ ಮೆಲ್ಲಗೆ ಮೀಟಿದರೆ ಸಣ್ಣಗೆ ಟಿಣ್ ಎನ್ನಬೇಕು. ಒಡೆದ ಮಡಕೆಯ ಸದ್ದು ಬಂದರೆ ಕೆಳಗಿಡಿ. ಬಾಯಿಯಿಂದ ಬೆನ್ನಿನತ್ತ ಹೋದ ಕೂದಲೆಳೆಯಂಥ ಬಿರುಕಿಗೆ ಮದ್ದಿಲ್ಲ. ಮುಕ್ಕಾದ ಬಾಯಿ ಬೇರೆ ವಿಷಯ, ಅರ್ಧ ಮಿಲಿಮೀಟರಿಗಿಂತ ಸಣ್ಣ ಮುಕ್ಕುಗಳನ್ನು ಕಲ್ಲಿನ ಮೇಲೆ ತೆಗೆಯಬಹುದು.

ಆಮೇಲೆ ಬಾಯಿಯಿಂದ ಒಳಕ್ಕೆ 2 ಮಿಲಿಮೀಟರ್ ಅಗಲದ ಪಟ್ಟಿಯನ್ನು ಮಾತ್ರ ನೋಡಿ. ಬೆನ್ನಿನ ಹತ್ತಿರ ತುಕ್ಕು ಎಷ್ಟಿದ್ದರೂ ಚಿಂತೆಯಿಲ್ಲ, ಈ ಪಟ್ಟಿಯಲ್ಲಿ ಕಪ್ಪು ಚುಕ್ಕೆಗಳಂಥ ಗುಳಿ ಇರಬಾರದು. ಮಸೆಯುತ್ತಾ ಹೋದಂತೆ ಬಾಯಿ ಆ ಗುಳಿಗೆ ಬಂದು ಮುಟ್ಟುತ್ತದೆ, ಅಲ್ಲಿ ಉಕ್ಕು ಉದುರುತ್ತದೆ. ಹೊಸಬರು ನೋಡುವುದು ಅಲಗಿನ ಹೊಳಪನ್ನು, ನೋಡಬೇಕಾದದ್ದು ಈ ಪಟ್ಟಿಯನ್ನು.

ಕತ್ತಿಯನ್ನು ಗಾಜಿನ ಮೇಲೆ ಚಪ್ಪಟೆಯಾಗಿ ಮಲಗಿಸಿದರೆ ಬೆನ್ನೂ ಬಾಯಿಯೂ ಉದ್ದಕ್ಕೆ ತಾಗಬೇಕು. ಬಾಯಿ ನೇರವಾಗಿದ್ದರೆ ಒಳ್ಳೆಯದು, ನಗುವ ತುಟಿಯಂತೆ ಸ್ವಲ್ಪ ಹೊರಬಾಗಿದ್ದರೂ ಸರಿಯೇ. ನಡುವೆ ಒಳಬಾಗಿದ್ದರೆ ಯಾರೋ ಕೆಟ್ಟ ಕಲ್ಲಿನ ಮೇಲೆ ವರ್ಷಗಟ್ಟಲೆ ಮಸೆದಿದ್ದಾರೆ ಎಂದರ್ಥ. ಮೊದಲ ಸಲಕ್ಕೆ ಅಂಥದ್ದು ಬೇಡ. ಬೆನ್ನಿನ ಎರಡೂ ಬದಿ ಸವೆದು ಅಗಲವಾದ ಪಟ್ಟೆ ಮೂಡಿದ್ದರೆ, ಅದರಲ್ಲೂ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆಯಿದ್ದರೆ, ಅದನ್ನೂ ಬಿಡಿ.

ಅಳತೆಯನ್ನು ಇಂಚಿನ ಎಂಟನೇ ಭಾಗದಲ್ಲಿ ಹೇಳುವ ರೂಢಿ. 5/8 ಎಂದರೆ ಬೆನ್ನಿನಿಂದ ಬಾಯಿಗೆ ಸುಮಾರು 16 ಮಿಲಿಮೀಟರ್, 6/8 ಎಂದರೆ 19. ಮೊದಲ ಕತ್ತಿಗೆ ಇವೆರಡೇ ತಕ್ಕವು. ಬೆಣೆಯಂತೆ ದಪ್ಪನಾದ ಹಳೆಯ ಶೆಫೀಲ್ಡ್ ಕತ್ತಿಗಳು ನೋಡಲು ಗಂಭೀರ, ಆದರೆ ಮಸೆಯಲು ತಾಳ್ಮೆ ಬಹಳ ಬೇಕು. ಎರಡೂ ಬದಿ ತೋಡಿದಂತೆ ತೆಳುವಾದ ಸೋಲಿಂಗನ್ ಅಲಗು ಕಲಿಯುವವರ ಕೈಗೆ ಬೇಗ ಒಗ್ಗುತ್ತದೆ.

ಕತ್ತಿನ ಮೇಲಿನ ಮುದ್ರೆ ಊರನ್ನೂ ಕಾಲವನ್ನೂ ಹೇಳುತ್ತದೆ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗನ್, ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ, ಫ್ರಾನ್ಸಿನ ತಿಯೇರ್, ಈ ನಾಲ್ಕು ಊರುಗಳ ಉಕ್ಕನ್ನು ನಂಬಿ ತರಬಹುದು. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ ಇದ್ದರೆ ಅದು ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯದು. ಅಮೆರಿಕದಲ್ಲಿ 1890ರ ಸುಂಕದ ಕಾಯ್ದೆಯ ನಂತರ ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕಾಯಿತು. ಹಾಗಾಗಿ ದೇಶದ ಹೆಸರು ಕೊರೆದಿದ್ದರೆ ಸಾಮಾನ್ಯವಾಗಿ ಅದು ಆಮೇಲಿನ ಕತ್ತಿ. ಕಿರೀಟದ ಜೊತೆ ವಿ.ಆರ್. ಎಂಬ ಎರಡಕ್ಷರವಿದ್ದರೆ ವಿಕ್ಟೋರಿಯಾ ರಾಣಿಯ ಕಾಲ, 1837ರಿಂದ 1901.

ಕೆಲವು ಶೆಫೀಲ್ಡ್ ಕತ್ತಿಗಳ ಮೇಲೆ ‘ಸಿಲ್ವರ್ ಸ್ಟೀಲ್’ ಎಂದಿರುತ್ತದೆ. ಈ ಮಾತಿನ ಬೇರು ನಮ್ಮ ಕಡೆಗೂ ಚಾಚಿದೆ. ದಕ್ಷಿಣ ಭಾರತದ ಮೂಸೆಯಲ್ಲಿ ಕಾಯಿಸಿ ಮಾಡುತ್ತಿದ್ದ ಉಕ್ಕು 18ನೇ ಶತಮಾನದ ಕೊನೆಗೆ ‘ವೂಟ್ಸ್’ ಎಂಬ ಹೆಸರಿನಲ್ಲಿ ಲಂಡನ್ ಸೇರಿತು. ಆ ಹೆಸರು ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದೆಂದು ಬಹಳಷ್ಟು ವಿದ್ವಾಂಸರು ಒಪ್ಪುತ್ತಾರೆ. ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಎಂಬ ಕತ್ತಿ ತಯಾರಕ ಆ ಉಕ್ಕಿನಿಂದ ಶಸ್ತ್ರಚಿಕಿತ್ಸೆಯ ಸಲಕರಣೆ, ಕ್ಷೌರದ ಕತ್ತಿ ಮಾಡಿ ಮಾರುತ್ತಿದ್ದ. ಅದರ ಗುಟ್ಟು ಹುಡುಕಲು ಅವನ ಜೊತೆ ಸೇರಿದವನು ಮೈಕೆಲ್ ಫ್ಯಾರಡೆ. 1819ರಲ್ಲಿ ವೂಟ್ಸ್ ಉಕ್ಕನ್ನು ಪರೀಕ್ಷಿಸಿದ ಫ್ಯಾರಡೆ, ಸ್ಟೋಡಾರ್ಟ್ ಜೊತೆ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದ. ಚೂರೇ ಚೂರು ಬೆಳ್ಳಿ ಬೆರೆಸಿದ ಉಕ್ಕು ಅದರಲ್ಲೊಂದು. ‘ಸಿಲ್ವರ್ ಸ್ಟೀಲ್’ ಎಂಬ ಹೆಸರು ಜನಪ್ರಿಯವಾಗಿ, ಬೆಳ್ಳಿಯಿಲ್ಲದ ಕತ್ತಿಗಳ ಮೇಲೂ ವ್ಯಾಪಾರಕ್ಕಾಗಿ ಮುದ್ರೆ ಬೀಳತೊಡಗಿತು. ಅಂಥ ಕತ್ತಿಯೊಂದು ಇಲ್ಲಿಯ ಸಂತೆಯಲ್ಲಿ ಸಿಕ್ಕಿದಾಗ ನನಗೆ ಅದನ್ನು ಕೆಳಗಿಡಲು ಮನಸ್ಸೇ ಬರಲಿಲ್ಲ.

ಹಿಡಿಯ ಬಗ್ಗೆ ಎರಡು ಎಚ್ಚರಿಕೆ. ಆನೆದಂತದ ಹಿಡಿ ಎಂದು ಯಾರಾದರೂ ಹೇಳಿದರೆ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆನೆದಂತದ ವ್ಯಾಪಾರ ಅಪರಾಧ. ದಂತದ ಅಡ್ಡ ಕೊಯ್ತದಲ್ಲಿ ಒಂದನ್ನೊಂದು ಹಾಯುವ ಸಣ್ಣ ಗೆರೆಗಳ ಜಾಲ ಕಾಣುತ್ತದೆ, ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆ, ಗೀರು ಕಾಣುತ್ತವೆ. ಇನ್ನೊಂದು, ಸೆಲ್ಯುಲಾಯ್ಡ್ ಹಿಡಿ. ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ, ಏಕೆಂದರೆ ಅದನ್ನು ಮಾಡುವುದೇ ಕರ್ಪೂರ ಬೆರೆಸಿ. ಗಟ್ಟಿಯಾಗಿದ್ದರೆ ತೊಂದರೆಯಿಲ್ಲ. ಆದರೆ ಕೆಡಲು ಶುರುವಾದ ಸೆಲ್ಯುಲಾಯ್ಡಿನಿಂದ ಆಮ್ಲದ ಆವಿ ಹೊರಟು ಅಲಗನ್ನು ತಿನ್ನುತ್ತದೆ. ಹಿಡಿ ಒಂದು ಕಡೆ ಹರಳುಗಟ್ಟಿ ಬಿರುಕಾಗಿ, ಅಲ್ಲಿಗೆ ಸರಿಯಾಗಿ ಅಲಗಿನ ಮೇಲೂ ತುಕ್ಕಿದ್ದರೆ ಇದೇ ಕಾರಣ. ಅಂಥದ್ದನ್ನು ಬೇರೆ ಕತ್ತಿಗಳ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟರೆ ಅವೂ ಕೆಡುತ್ತವೆ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು, ಕಾದ ಸೂಜಿ ಚುಚ್ಚಿ ಪರೀಕ್ಷೆ ಮಾಡುವ ಸಾಹಸ ಬೇಡ.

ತುಕ್ಕು ತೆಗೆಯುವುದು

ಬೇಕಾದ ಸಾಮಾನು ಕಡಿಮೆ. ಹೊಲಿಗೆ ಯಂತ್ರದ ಎಣ್ಣೆ, ತೀರಾ ನಯವಾದ 0000 ನಂಬರಿನ ಸ್ಟೀಲ್ ವುಲ್, ಬ್ರಾಸೋ ಅಥವಾ ಬೇರೆ ಮೆಟಲ್ ಪಾಲಿಶ್, ಕಾರಿಗೆ ಬಣ್ಣ ಹಚ್ಚುವವರ ಅಂಗಡಿಯಲ್ಲಿ ಸಿಗುವ 1000, 1500, 2000 ನಂಬರಿನ ವಾಟರ್ ಪೇಪರ್, ಇಯರ್ ಬಡ್, ಒಂದು ಚಪ್ಪಟೆ ಮರದ ತುಂಡು, ದಪ್ಪ ಕೈಗವಸು. ಜೊತೆಗೆ ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ 10 ಪಟ್ಟು ಹಿಗ್ಗಿಸುವ ಮಸೂರ ಇರಲೇಬೇಕು, ಇದಿಲ್ಲದೆ ಮಸೆಯುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದಂತೆ.

ಕೆಲಸ ಶುರುಮಾಡುವ ಮುನ್ನ ಬಾಯಿಯನ್ನು ಮೊಂಡು ಮಾಡಿಬಿಡಿ. ಗಾಜಿನ ಲೋಟದ ತಳದ ಮೇಲೆ ಭಾರ ಬಿಡದೆ ಒಂದು ಸಲ ಎಳೆದರೆ ಸಾಕು. ಹೇಗೂ ಮುಂದೆ ಹೊಸ ಬಾಯಿ ಬರಿಸಲಿದ್ದೇವೆ, ಬೆರಳಾದರೂ ಉಳಿಯಲಿ. ಟಿಟನಸ್ ಚುಚ್ಚುಮದ್ದು ಹಾಕಿಸಿಕೊಂಡು ಬಹಳ ವರ್ಷವಾಗಿದ್ದರೆ ಈ ಕೆಲಸಕ್ಕೆ ಕೈಹಾಕುವ ಮೊದಲು ವೈದ್ಯರನ್ನು ಕೇಳಿ.

ಅಲಗನ್ನು ಮರದ ತುಂಡಿನ ಮೇಲೆ ಪೂರ್ತಿ ಮಲಗಿಸಿ. ಬಾಯಿ ಹೊರಗೆ ಚಾಚಿಕೊಂಡರೆ ಬಾಗಿ ಬಿರುಕು ಬಿಡುತ್ತದೆ. ಎಣ್ಣೆಯಲ್ಲಿ ನೆನೆದ ಸ್ಟೀಲ್ ವುಲ್ಲಿನಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಮಾತ್ರ ಉಜ್ಜಿ, ಕೈ ಎತ್ತಿ, ಮತ್ತೆ ಬೆನ್ನಿನಿಂದ ಶುರುಮಾಡಿ. ಬಾಯಿಯ ಉದ್ದಕ್ಕೆ ಬೆರಳು ಓಡಿಸಬೇಡಿ, ಬಾಯಿಯಿಂದ ಬೆನ್ನಿಗೆ ಎಳೆಯಬೇಡಿ. ಹತ್ತು ನಿಮಿಷಕ್ಕೊಮ್ಮೆ ಒರೆಸಿ ನೋಡಿ.

ಕೆಂಪು ತುಕ್ಕು ಬಟ್ಟೆಗೆ ಅಂಟಿ ಬರುತ್ತದೆ, ಅದು ಹೋಗಬೇಕು. ಕೆಳಗೆ ಕಾಣುವ ಬೂದು, ಕಪ್ಪು ಕಲೆಗಳು ಬೇರೆ ಜಾತಿಯವು. ಅವು ಉಕ್ಕಿನ ಮೇಲೆ ಗಟ್ಟಿಯಾಗಿ ಕೂತ ಪದರ, ಕತ್ತಿಯನ್ನು ತಿನ್ನುತ್ತಿಲ್ಲ, ಒಂದು ಮಟ್ಟಿಗೆ ಕಾಯುತ್ತಲೂ ಇವೆ. ಅವನ್ನು ಬಿಡಿ. ಹೊಸತರಂತೆ ಕನ್ನಡಿಯ ಹೊಳಪು ಬರಿಸಲು ಒರಟು ಕಾಗದದಿಂದ ಉಜ್ಜುತ್ತಾ ಹೋದರೆ ಮುದ್ರೆಯ ಅಕ್ಷರ ಅಳಿಸುತ್ತದೆ, ಅಲಗಿನ ಮೇಲೆ ಕೊರೆದ ಚಿತ್ತಾರ ಹೋಗುತ್ತದೆ, ನೂರು ವರ್ಷದ ಹಿಂದೆ ಯಾರೋ ತೋಡಿದ ಬಾಗು ಚಪ್ಪಟೆಯಾಗುತ್ತದೆ. ಹೊಳಪಿಗಾಗಿ ಬಲಿಯಾದ ಒಳ್ಳೆಯ ಕತ್ತಿಗಳನ್ನು ಬೇಕಾದಷ್ಟು ನೋಡಿದ್ದೇನೆ. ವಾಟರ್ ಪೇಪರ್ ಬೇಕಾಗುವುದು ಕೆಂಪು ತುಕ್ಕು ಗುಳಿಯೊಳಗೆ ಉಳಿದಾಗ ಮಾತ್ರ. 1000ದಿಂದ ಶುರುಮಾಡಿ, ರಬ್ಬರಿನ ಸುತ್ತ ಕಾಗದ ಸುತ್ತಿ, ಆ ಜಾಗಕ್ಕಷ್ಟೇ ಹಚ್ಚಿ, 1500, 2000ಕ್ಕೆ ಹೋಗಿ. ಕೊನೆಗೆ ಬಟ್ಟೆಗೆ ಮೆಟಲ್ ಪಾಲಿಶ್ ಹಚ್ಚಿ ಒಂದು ಕೈ. ಅಲಗಿನ ಮೇಲೆ ಚಿನ್ನದ ನೀರಿನ ಅಕ್ಷರವಿದ್ದರೆ ಪಾಲಿಶ್ ಕೂಡ ಅಲ್ಲಿಗೆ ತಾಗಬಾರದು, ಎರಡೇ ಸಲಕ್ಕೆ ಮಾಯವಾಗುತ್ತದೆ.

ನಮ್ಮ ಅಡುಗೆಮನೆಯ ಬುದ್ಧಿ ಇಲ್ಲಿ ಕೈಕೊಡುತ್ತದೆ. ಹಿತ್ತಾಳೆ ಚೊಂಬನ್ನು ಬೆಳಗುವ ಹುಣಸೆಹಣ್ಣು, ನಿಂಬೆಹುಳಿ ಇದಕ್ಕೆ ಬೇಡ. ಹುಳಿ ತುಕ್ಕನ್ನು ತಿಂದು ಅಲ್ಲಿಗೆ ನಿಲ್ಲುವುದಿಲ್ಲ, ಉಕ್ಕನ್ನೂ ತಿಂದು ಮೈಯನ್ನು ಮಂಕು ಬೂದಿಯ ಬಣ್ಣಕ್ಕೆ ತರುತ್ತದೆ.

ಹಿಡಿಯ ಎರಡು ಪಟ್ಟಿಗಳ ನಡುವೆ, ತಿರುಗುವ ಪಿನ್ನಿನ ಸುತ್ತ ಕಣ್ಣಿಗೆ ಕಾಣದ ತುಕ್ಕು ಇರುತ್ತದೆ. ಕಾಗದದ ಪಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ಆ ಸಂದಿಯಲ್ಲಿ ಅತ್ತಿತ್ತ ಎಳೆಯಿರಿ. ಹಳೆಯ ಸೋಪು, ಕೂದಲು, ತುಕ್ಕು ಸೇರಿದ ಕಪ್ಪು ಕೆಸರು ಹೊರಬರುತ್ತದೆ. ಕಾಗದ ಬೆಳ್ಳಗೆ ಬರುವವರೆಗೆ ಬಿಡಬೇಡಿ, ಅರ್ಧ ತಾಸು ಇದಕ್ಕೇ ಹೋದರೂ ಹೋಗಲಿ. ಕೊನೆಗೆ ಅಲಗನ್ನು ಸೋಪಿನ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಆಲ್ಕೊಹಾಲು ಸೆಲ್ಯುಲಾಯ್ಡನ್ನು ಮೆತ್ತಗೆ ಮಾಡುತ್ತದೆ, ಹಿಡಿಗೆ ಸೋಕದಂತೆ ನೋಡಿಕೊಳ್ಳಿ.

ಹಿಡಿ

ಮೊದಲ ಕತ್ತಿಯಲ್ಲಿ ಪಿನ್ನು ಬಿಚ್ಚಬೇಡಿ. ಹಿಡಿ ಒಡೆದಿರದಿದ್ದರೆ, ಅಲಗು ಮುಚ್ಚುವಾಗ ನಡುವೆಯೇ ಕೂರುತ್ತಿದ್ದರೆ, ಅದನ್ನು ಅದರ ಪಾಡಿಗೆ ಬಿಡುವುದು ಲೇಸು. ಅಲಗು ಜೋಲಾಡುತ್ತಿದ್ದರೆ ಪಿನ್ನಿನ ಒಂದು ತಲೆಯನ್ನು ಕಬ್ಬಿಣದ ಮೇಲೆ ಇಟ್ಟು, ಅಕ್ಕಸಾಲಿಗರ ಗುಂಡುಮೂತಿಯ ಸಣ್ಣ ಸುತ್ತಿಗೆಯಿಂದ ಇನ್ನೊಂದು ತಲೆಯ ಅಂಚಿಗೆ ಸುತ್ತಲೂ ತಟ್ಟಿ. ಹೊಡೆಯುವುದಲ್ಲ, ತಟ್ಟುವುದು. ನಾಲ್ಕು ಸಲ ತಟ್ಟಿ ತಿರುಗಿಸಿ ನೋಡಿ. ಹೆಚ್ಚಾದರೆ ಕೊಂಬಿನ ಹಿಡಿ ಸೀಳುತ್ತದೆ.

ಒಣಗಿ ಬೆಳ್ಳಗಾದ ಕೊಂಬಿನ ಹಿಡಿಗೆ ಬೇಬಿ ಆಯಿಲ್ ಸವರಿ ಒಂದು ದಿನ ಬಿಟ್ಟು ಒರೆಸಿದರೆ ಜೀವ ಬರುತ್ತದೆ. ಅಗಸೆ ಎಣ್ಣೆ ಒಣಗಿ ಜಿಗುಟಾಗುತ್ತದೆ, ಬೇಡ. ಹಿಡಿಯ ಹಿಂಬದಿಯಲ್ಲಿ ಎರಡು ಪಟ್ಟಿಗಳನ್ನು ಅಗಲಿಸಿ ನಿಲ್ಲಿಸುವ ಸಣ್ಣ ಬೆಣೆ ಇರುತ್ತದೆ. ಹಳೆಯ ಇಂಗ್ಲಿಷ್ ಕತ್ತಿಗಳಲ್ಲಿ ಅದು ಎಷ್ಟೋ ಸಲ ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ.

ಬಾಯಿ ಬರಿಸುವುದು

ಇಲ್ಲಿಯವರೆಗಿನದ್ದು ಶುಚಿ ಮಾಡುವ ಕೆಲಸ, ಇನ್ನು ಮುಂದಿನದ್ದು ಕಸುಬು. ಕಲ್ಲುಗಳಿಗೆ ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ, ಕ್ಷೌರದ ಕತ್ತಿಯನ್ನೇ ಮಸೆದು ಅನುಭವವಿರುವ ಯಾರಿಗಾದರೂ ಕೊಡಿ. ಅದರಲ್ಲಿ ತಪ್ಪೇನೂ ಇಲ್ಲ. ಸರಿಯಾಗಿ ಮಸೆದ ಬಾಯಿ ಹೇಗಿರುತ್ತದೆಂದು ಒಮ್ಮೆ ಕೆನ್ನೆಗೆ ಗೊತ್ತಾದರೆ ಮುಂದೆ ನೀವೇ ಕಲಿಯುವಾಗ ಗುರಿ ಕಣ್ಣ ಮುಂದಿರುತ್ತದೆ.

ನೀವೇ ಮಾಡುವುದಾದರೆ ನಾಲ್ಕು ಮಟ್ಟದ ಕಲ್ಲು ಬೇಕು: 1000, 4000, 8000, 12000. ನಂಬರು ಏರಿದಂತೆ ಕಲ್ಲಿನ ಕಣ ಸಣ್ಣದು. 1000ದ ಕಲ್ಲಿನ ಕಣ ಸುಮಾರು 12 ಮೈಕ್ರಾನ್, 8000ದಲ್ಲಿ ಅದು ಒಂದೂವರೆಯ ಆಸುಪಾಸಿಗೆ ಇಳಿಯುತ್ತದೆ. ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಗಳ ಹಳದಿ ಕೋಟಿಕ್ಯೂಲ್, ಜಪಾನಿನ ಕ್ಯೋಟೊ ಸುತ್ತಲಿನ ಕಲ್ಲು ಇವೆಲ್ಲ ಸೊಗಸಾದವು, ಆದರೆ ಮೊದಲ ಸಲಕ್ಕೆ ಕಾರ್ಖಾನೆಯ ಕಲ್ಲೇ ಸರಿ, ಅದು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಖರ್ಚು ಉಳಿಸಲು ಲ್ಯಾಪಿಂಗ್ ಫಿಲ್ಮ್ ಎಂಬ, ಮಸೆಯುವ ನಯವಾದ ಕಣ ಲೇಪಿಸಿದ ಪ್ಲಾಸ್ಟಿಕ್ ಹಾಳೆಗಳನ್ನು ದಪ್ಪ ಗಾಜಿನ ಮೇಲೆ ನೀರಿನಿಂದ ಅಂಟಿಸಿಕೊಂಡೂ ಮಸೆಯಬಹುದು. ಕಟ್ಟೆಗೆ ಹಾಸುವ ಪಾಲಿಶ್ ಮಾಡಿದ ಗ್ರಾನೈಟಿನ ಚೂರು ನಮ್ಮಲ್ಲಿ ಯಾವ ಊರಿನ ಕಲ್ಲಿನ ಅಂಗಡಿಯಲ್ಲೂ ಸಿಗುತ್ತದೆ. ಗಾಜಿನ ಬದಲು ನಾನು ಅದನ್ನೇ ಬಳಸುತ್ತೇನೆ.

ಕಲ್ಲು ಚಪ್ಪಟೆಯಾಗಿರಬೇಕು. ಕೊಂಡ ಹೊಸ ಕಲ್ಲೂ ಎಷ್ಟೋ ಸಲ ಚಪ್ಪಟೆಯಿರುವುದಿಲ್ಲ. ಅದರ ಮೇಲೆ ಪೆನ್ಸಿಲ್ಲಿನಿಂದ ಚೌಕಳಿ ಗೆರೆ ಹಾಕಿ, ಗ್ರಾನೈಟಿನ ಮೇಲೆ 320 ನಂಬರಿನ ವಾಟರ್ ಪೇಪರ್ ನೀರು ಹಾಕಿ ಅಂಟಿಸಿ, ಕಲ್ಲನ್ನು ಅದರ ಮೇಲೆ ಉಜ್ಜಿ. ಎಲ್ಲ ಗೆರೆ ಅಳಿಸಿದಾಗ ಚಪ್ಪಟೆಯಾಯಿತು. ಉಜ್ಜಿದ ಮೇಲೆ ಚೆನ್ನಾಗಿ ತೊಳೆಯಿರಿ, 12000ದ ಕಲ್ಲಿನ ಮೇಲೆ ಉಳಿದ ಒಂದು ಒರಟು ಕಣ ಇಡೀ ದಿನದ ಕೆಲಸವನ್ನು ಕೆಡಿಸುತ್ತದೆ.

ಕ್ಷೌರದ ಕತ್ತಿಯ ಜಾಣತನ ಅದರ ಬೆನ್ನಿನಲ್ಲಿದೆ. ಬೇರೆ ಚಾಕುವಿಗೆ ಕೋನವನ್ನು ಕೈಯಲ್ಲಿ ಹಿಡಿಯಬೇಕು. ಇದರಲ್ಲಿ ಬೆನ್ನನ್ನೂ ಬಾಯಿಯನ್ನೂ ಒಟ್ಟಿಗೆ ಕಲ್ಲಿನ ಮೇಲೆ ಮಲಗಿಸಿದರೆ ಕೋನ ತಾನಾಗಿ ಬರುತ್ತದೆ. 19 ಮಿಲಿಮೀಟರ್ ಅಗಲದ ಅಲಗಿಗೆ ಬೆನ್ನು ಐದೂವರೆ ಮಿಲಿಮೀಟರ್ ದಪ್ಪವಿದ್ದರೆ ಬಾಯಿಯ ಕೋನ ಸುಮಾರು 16 ಡಿಗ್ರಿ. ಮಸೆಯುವಾಗ ಬೆನ್ನೂ ಸವೆಯುತ್ತದೆ, ಅದಕ್ಕೆ ಬೆನ್ನಿನ ಮೇಲೆ ಎಲೆಕ್ಟ್ರಿಷಿಯನ್ನರ ಟೇಪನ್ನು ಒಂದು ಪದರ ಅಂಟಿಸಿಕೊಳ್ಳಿ. ಕೋನ ಹೆಚ್ಚುವುದು ಒಂದು ಡಿಗ್ರಿಯಷ್ಟೂ ಇಲ್ಲ. ಟೇಪು ಸವೆದಂತೆ ಬದಲಾಯಿಸಿ.

ಕಲ್ಲನ್ನು ಒದ್ದೆ ಮಾಡಿ. ಅಲಗನ್ನು ಬಾಯಿ ಮುಂದಾಗಿ ತಳ್ಳಿ, ಕಲ್ಲಿನ ಕೊನೆಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ, ಬಾಯಿ ಮುಂದಾಗಿ ಎಳೆದುಕೊಳ್ಳಿ. ಹೊರಳಿಸುವಾಗ ಬೆನ್ನು ಕಲ್ಲನ್ನು ಬಿಡಬಾರದು. ಕಲ್ಲಿನ ಅಗಲ ಅಲಗಿನ ಉದ್ದಕ್ಕಿಂತ ಕಡಿಮೆಯಿರುತ್ತದೆ, ಆದ್ದರಿಂದ ತಳ್ಳುತ್ತಲೇ ಸ್ವಲ್ಪ ಅಡ್ಡಕ್ಕೂ ಎಳೆದು, ಬುಡದಿಂದ ಶುರುವಾಗಿ ತುದಿಯಲ್ಲಿ ಮುಗಿಯುವಂತೆ ಓಡಿಸಿ. ಒಂದು ಬದಿ ಒಂದು, ಇನ್ನೊಂದು ಬದಿ ಒಂದು. ಲೆಕ್ಕ ಎರಡೂ ಕಡೆ ಸಮವಿರಲಿ. ಭಾರ ಕೊಡುವುದು ಕತ್ತಿ, ನಮ್ಮ ಕೈ ದಾರಿ ತೋರಿಸಿದರೆ ಸಾಕು. ಒತ್ತಿದರೆ ತೆಳು ಅಲಗು ಬಾಗಿ, ಬಾಯಿ ಕಲ್ಲಿನಿಂದ ಮೇಲೇಳುತ್ತದೆ.

1000ದ ಕಲ್ಲಿನಲ್ಲೇ ಕೆಲಸದ ಮುಕ್ಕಾಲು ಪಾಲು. ಎರಡೂ ಬದಿಯ ಇಳಿಜಾರು ಬಾಯಿಯಲ್ಲಿ ಒಂದನ್ನೊಂದು ಕೂಡಬೇಕು, ಬುಡದಿಂದ ತುದಿಯವರೆಗೆ ಎಲ್ಲೂ ಬಿಡದೆ. ಪರ್ಮನೆಂಟ್ ಮಾರ್ಕರಿನಿಂದ ಬಾಯಿಯ ಅಂಚಿಗೆ ಎರಡೂ ಬದಿ ಮಸಿ ಬಳಿದು ಮೂರು ಸಲ ಓಡಿಸಿ, ಮಸೂರದಲ್ಲಿ ನೋಡಿ. ಮಸಿ ಉಳಿದ ಕಡೆ ಕಲ್ಲು ಮುಟ್ಟುತ್ತಿಲ್ಲ. ಹಳೆಯ ಕತ್ತಿಗೆ ನೂರು, ಇನ್ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಓಟ ಬೇಕಾಗಬಹುದು. ನಡುವೆ ಕೈ ಸೋತರೆ ನಿಲ್ಲಿಸಿ ನಾಳೆ ಮುಂದುವರಿಸಿ, ಸೋತ ಕೈ ಒತ್ತತೊಡಗುತ್ತದೆ.

ಇಳಿಜಾರು ಕೂಡಿದೆಯೋ ಇಲ್ಲವೋ ಎಂಬುದಕ್ಕೆ ಟೊಮೆಟೊ ಪರೀಕ್ಷೆ ನನಗೆ ಅಚ್ಚುಮೆಚ್ಚು. ಹಣ್ಣಾದ ಟೊಮೆಟೊ ಮೇಲೆ ಬಾಯಿಯನ್ನು ಒತ್ತದೆ ಇಟ್ಟು ಅರ್ಧ ಬೆರಳಿನಷ್ಟು ಎಳೆಯಿರಿ. ಸಿಪ್ಪೆಗೆ ಕಚ್ಚಿ ಒಳಗಿಳಿದರೆ ಕೂಡಿದೆ, ಜಾರಿದರೆ ಇಲ್ಲ. ಬುಡ, ನಡು, ತುದಿ ಮೂರೂ ಕಡೆ ನೋಡಿ. ಮೊದಲ ಸಲ ತುದಿಯೇ ಉಳಿದುಬಿಡುವುದು ಹೆಚ್ಚು. ಮೂರೂ ಕಡೆ ಕಚ್ಚುವವರೆಗೆ 4000ಕ್ಕೆ ಹೋಗಬೇಡಿ. ಮುಂದಿನ ಕಲ್ಲುಗಳು ಇದ್ದ ಬಾಯಿಯನ್ನು ನಯ ಮಾಡುತ್ತವೆ, ಇಲ್ಲದ ಬಾಯಿಯನ್ನು ತರುವುದಿಲ್ಲ. ‘ಎಷ್ಟು ಮಸೆದರೂ ಕತ್ತಿ ಕೂದಲನ್ನು ಕತ್ತರಿಸದೆ ಎಳೆಯುತ್ತದೆ’ ಎಂದು ಹೇಳುವವರ ಕತ್ತಿಗಳಲ್ಲಿ ನಾನು ಕಂಡ ಕೊರತೆ ಹೆಚ್ಚಾಗಿ ಇದೊಂದೇ.

ಆಮೇಲೆ ಸಲೀಸು. 4000ದ ಮೇಲೆ 40 ಸಲ, ಹಿಂದಿನ ಕಲ್ಲಿನ ಗೀರುಗಳು ಮಸೂರದಲ್ಲಿ ಮಾಯವಾಗುವವರೆಗೆ. 8000ದ ಮೇಲೆ ಇನ್ನೊಂದು 40, ಹಗುರಾಗಿ. 12000ಕ್ಕೆ ಹೊಸ ಟೇಪು ಅಂಟಿಸಿ, ಕತ್ತಿಯ ಭಾರವಷ್ಟೇ ಬಿಟ್ಟು 30. ಈ ಹಂತದಲ್ಲಿ ಬಾಯಿ ಕಲ್ಲಿಗೆ ಪೂರ್ತಿ ತಾಗುತ್ತಿದ್ದರೆ ಮುಂದಿರುವ ನೀರು ಅಲಗಿನ ಮೇಲೆ ಹತ್ತಿ ಬರುತ್ತದೆ, ಉದ್ದಕ್ಕೂ ಸಮವಾಗಿ. ಮೊದಲ ಸಲ ಅದನ್ನು ಕಂಡ ಸಂಜೆ ನಾನು ಲೆಕ್ಕ ಮರೆತು ನೋಡುತ್ತಾ ಕೂತಿದ್ದೆ.

ತೀಡುವುದು, ಹೆರೆಯುವುದು

ನಮ್ಮೂರಿನ ಹಿರಿಯ ಕ್ಷೌರಿಕರೊಬ್ಬರು ಕತ್ತಿಯನ್ನು ಅಂಗೈ ಮೇಲೆ ತೀಡುತ್ತಿದ್ದುದನ್ನು ಚಿಕ್ಕಂದಿನಲ್ಲಿ ಬೆಂಚಿನ ಮೇಲೆ ಕೂತು ನೋಡಿದ್ದೇನೆ. ಈಗ ಸಲೂನುಗಳಲ್ಲಿ ಬ್ಲೇಡನ್ನು ಅರ್ಧ ಮುರಿದು ಸಿಕ್ಕಿಸುವ ಕತ್ತಿ ಬಂದಿದೆ, ಆರೋಗ್ಯದ ದೃಷ್ಟಿಯಿಂದ ಅದೇ ಸರಿ. ಅಂಗೈ ತೀಡು ನಮ್ಮಂಥವರಿಗಲ್ಲ. ಎರಡೂವರೆ ಮೂರು ಇಂಚು ಅಗಲದ ನಯವಾದ ಚರ್ಮದ ಪಟ್ಟಿ, ಅದರ ಜೊತೆ ದಪ್ಪ ಹತ್ತಿ ಬಟ್ಟೆಯ ಪಟ್ಟಿ ಬೇಕು. ಒಂದು ತುದಿಯನ್ನು ಕೊಕ್ಕೆಗೆ ಹಾಕಿ, ಇನ್ನೊಂದನ್ನು ಜೋತು ಬೀಳದಂತೆ ಎಳೆದು ಹಿಡಿಯಿರಿ. ಕಲ್ಲಿನ ಮೇಲೆ ಬಾಯಿ ಮುಂದು, ಇಲ್ಲಿ ಬೆನ್ನು ಮುಂದು. ಇದನ್ನು ಮರೆತರೆ ಪಟ್ಟಿ ಸೀಳುತ್ತದೆ. ಕೊನೆಯಲ್ಲಿ ಕತ್ತಿಯನ್ನು ನಿಲ್ಲಿಸಿ, ಬೆನ್ನಿನ ಮೇಲೆ ಹೊರಳಿಸಿ, ಆಮೇಲೆ ಹಿಂದಕ್ಕೆ. ಬಟ್ಟೆಯ ಮೇಲೆ 20 ಸಲ, ಚರ್ಮದ ಮೇಲೆ 50 ಸಲ. ಮೊದಲ ವಾರ ವೇಗ ಬೇಡವೇ ಬೇಡ. ಅಡುಗೆಮನೆಯ ಮೊಂಡು ಚಾಕುವಿನಲ್ಲಿ ಈ ಹೊರಳಿಕೆಯನ್ನು ರೂಢಿ ಮಾಡಿಕೊಂಡರೆ ಪಟ್ಟಿಯೂ ಉಳಿಯುತ್ತದೆ, ಬಾಯಿಯೂ ಉಳಿಯುತ್ತದೆ.

ಮೊದಲ ಕ್ಷೌರ ಸ್ನಾನವಾದ ಮೇಲೆ, ಗಡ್ಡ ಮೆತ್ತಗಾಗಿರುವಾಗ. ಸೋಪಿನ ನೊರೆ ಧಾರಾಳವಾಗಿರಲಿ. ಕೆನ್ನೆಯ ಚರ್ಮವನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಎಳೆದು, ಅಲಗಿಗೂ ಚರ್ಮಕ್ಕೂ ನಡುವೆ ಸುಮಾರು 30 ಡಿಗ್ರಿ ಇಟ್ಟು, ಕೂದಲು ಬೆಳೆದ ದಿಕ್ಕಿನಲ್ಲಿ ಸಣ್ಣ ಸಣ್ಣ ಎಳೆತ. ಅಡ್ಡಕ್ಕೆ ಜಾರಿಸಿದರೆ ಕೊಯ್ಯುತ್ತದೆ. ಮೊದಲ ದಿನ ಎರಡು ಕೆನ್ನೆ ಮಾತ್ರ; ಗಲ್ಲ, ತುಟಿಯ ಮೇಲ್ಭಾಗ, ಕುತ್ತಿಗೆಯನ್ನು ನಿಮ್ಮ ಮಾಮೂಲು ರೇಜರಿನಲ್ಲಿ ಮುಗಿಸಿ. ಸಣ್ಣಪುಟ್ಟ ಗಾಯಕ್ಕೆ ಪಟಿಕ ಉಜ್ಜಿದರೆ ರಕ್ತ ನಿಲ್ಲುತ್ತದೆ, ಆದರೆ ಪಟಿಕದ ನೀರು ಅಲಗಿಗೆ ತಾಗಿದರೆ ತುಕ್ಕು ಬರುತ್ತದೆ, ಕೈ ತೊಳೆದು ಕತ್ತಿ ಮುಟ್ಟಿ. ಈ ಕತ್ತಿ ನಿಮ್ಮೊಬ್ಬರದೇ ಆಗಿರಲಿ, ಮನೆಯವರಿಗೂ ಕೊಡಬೇಡಿ.

ಮುಗಿದ ತಕ್ಷಣ ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಹಿಡಿಯ ಸಂದಿಯನ್ನೂ ಕಾಗದದಿಂದ ಒಣಗಿಸಿ, ಬಚ್ಚಲುಮನೆಯಿಂದ ಹೊರಗೆ ತನ್ನಿ. ಒಂದೆರಡು ಗಂಟೆ ಬಿಚ್ಚಿಟ್ಟು ಆಮೇಲೆ ಮುಚ್ಚಿ. ಬಯಲುಸೀಮೆಯವರಿಗೆ ಇಷ್ಟು ಸಾಕು. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಸಲವೂ ಎಣ್ಣೆಯ ತೆಳು ಪದರ ಸವರಿಯೇ ಇಡಬೇಕು, ಅದೂ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ. ಚರ್ಮದ ಚೀಲ ತೇವ ಹಿಡಿದಿಟ್ಟುಕೊಳ್ಳುತ್ತದೆ, ಬೇಡ. ಪ್ರತಿ ಕ್ಷೌರಕ್ಕೆ ಮುನ್ನ ಚರ್ಮದ ಪಟ್ಟಿಯ ಮೇಲೆ 40-50 ಸಲ ತೀಡಿ. ಕೆಲವು ತಿಂಗಳ ನಂತರ ಕೆನ್ನೆಯ ಮೇಲೆ ಕತ್ತಿ ಎಳೆಯತೊಡಗಿದರೆ ಮತ್ತೆ 1000ಕ್ಕೆ ಇಳಿಯಬೇಕಿಲ್ಲ, 12000ದ ಕಲ್ಲಿನ ಮೇಲೆ ಹತ್ತು ಹದಿನೈದು ಹಗುರ ಓಟ, ಆಮೇಲೆ ಚರ್ಮ.